ಮಾ ಝೈನ್ ಸಾಹೇಬರ ಒಳ್ಳೆಯ ಪಾತ್ರ

ಆ ಮನುಷ್ಯ ಒಂದೇ ಒಂದು ಸಲ ನನ್ನನ್ನು ಬಾಯಿತುಂಬ ಬೈದಿದ್ದರೆ ಇದನ್ನು ಬರೆಯುವ ಕರ್ಮ ನನಗೆ ಬರುತ್ತಿರಲಿಲ್ಲ. ಬೈಯಲಿಲ್ಲ. ಈಗ ಬೈಸಿಕೊಳ್ಳೋಣವೆಂದರೂ ಅವರೇ ಇಲ್ಲ. ಹೋದ ವಾರ ಜರ್ಮನಿಯಿಂದ ಅವರ ಹೆಂಡತಿಯ ಪತ್ರ ಬಂತು. ನಿದ್ದೆಯಲ್ಲೇ ಹೋದರಂತೆ. ನಾಲ್ಕು ಸಾಲು ಅಷ್ಟೇ ಆಗಿದ್ದರೆ ಒಂದು ಮೇಣದಬತ್ತಿ ಹಚ್ಚಿ, ಎರಡು ಹನಿ ಕಣ್ಣೀರು ಹಾಕಿ ಸುಮ್ಮನಾಗುತ್ತಿದ್ದೆ. ಆದರೆ ಪತ್ರದ ಕೊನೆಯಲ್ಲಿ ಒಂದು ಕೋರಿಕೆ ಇದೆ. ಹತ್ತು ವರ್ಷದ ಹಿಂದೆ ಇಲ್ಲಿ, ಮಸ್ಕತ್ತಿನಲ್ಲಿ, ಅವರು ಕನ್ನಡದಲ್ಲಿ ಆಡಿದ ಒಂದು ಮಾತನ್ನೂ ಅದರ ಅರ್ಥವನ್ನೂ ನಾನು ಬರೆದು ಕಳಿಸಬೇಕಂತೆ. ಓದಿದಾಗಿನಿಂದ ತಲೆ ಕೆಟ್ಟು ಮೊಸರಾಗಿದೆ.

ಅವರ ಹೆಸರನ್ನು ಬರೆಯುವುದಿಲ್ಲ. ನಮ್ಮ ಕಂಪನಿಯಲ್ಲಿ ಹೆಸರು ಹಿಡಿದು ಕರೆಯುತ್ತಿದ್ದವರೂ ಕಡಿಮೆಯೇ. ಎಲ್ಲರಿಗೂ ಅವರು ಮಾ ಝೈನ್ ಸಾಹೇಬರು. ಅರಬ್ಬಿಯಲ್ಲಿ ಮಾ ಝೈನ್ ಅಂದರೆ ಸರಿಯಿಲ್ಲ, ಒಳ್ಳೆಯದಲ್ಲ ಅಂತ. ಈ ಹೆಸರು ಬಿದ್ದದ್ದಕ್ಕೆ ಒಂದು ಪೋಸ್ಟರ್ ಕಾರಣ.

ನಾನು ಆಗ ಅಲ್ ಗುಬ್ರಾದಲ್ಲಿ, ಸಮುದ್ರದ ನೀರನ್ನು ಕುಡಿಯುವ ನೀರು ಮಾಡುವ ಸ್ಥಾವರಕ್ಕೆ ಕೆಲಸಗಾರರನ್ನು ಒದಗಿಸುವ ಒಂದು ಕಂಪನಿಯಲ್ಲಿ ಸೆಕ್ರೆಟರಿ. ತರಬೇತಿ ವಿಭಾಗದಲ್ಲಿ ಟೈಪಿಂಗ್, ಫೈಲಿಂಗ್, ಯಾವುದಾದರೂ ಕಾಗದಕ್ಕೆ ಅರಬ್ಬಿ ಬೇಕಾದರೆ ರೂವಿ ಪೇಟೆಗೆ ಕಳಿಸಿ ಅನುವಾದ ಮಾಡಿಸುವುದು, ಇಷ್ಟು ನನ್ನ ಪಾಲು. ಅನುವಾದದ ಪ್ರತಿ ಪುಟದ ಕೆಳಗೂ ‘ಇದು ಸರಿಯಾದ ಅನುವಾದ’ ಎಂದು ಬರೆದು ಸಹಿ ಇರಬೇಕು. ಇಲ್ಲದಿದ್ದರೆ ಯಾವ ಕಚೇರಿಯೂ ಮುಟ್ಟುತ್ತಿರಲಿಲ್ಲ. ಅಂಥ ಸಹಿಗಳನ್ನು ನೋಡಿ ನೋಡಿ ನನಗೆ ಸಾಕಾಗಿತ್ತು.

ಎಂಬತ್ತರ ದಶಕದ ನಡುವಿನಲ್ಲಿ ಈ ಜರ್ಮನ್ ಬಂದರು. ಹೆಂಡತಿ ಇಲ್ಲಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಮನೆಯಲ್ಲಿ ಕೂತು ಬೇಸರ ಬಂದು ಇವರು ಕೆಲಸ ಕೇಳಿಕೊಂಡು ಬಂದಿದ್ದರು. ಹುಡುಗ ಪ್ರಾಯದಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿತಿದ್ದರಂತೆ. ಆಮೇಲಿನ ಇಪ್ಪತ್ತೈದು ವರ್ಷ ಏನು ಮಾಡಿದಿರಿ ಎಂದು ಅರ್ಜಿ ತುಂಬಿಸುವಾಗ ಕೇಳಿದೆ.

“ನಟ” ಎಂದರು.

“ಎಂಥ ನಟ?”

“ಕೊನೆಯಲ್ಲಿ ಸಾಯುವವನು” ಎಂದು ಹೇಳಿ ನಕ್ಕರು. ನಗುವಾಗ ಅಂಗೈಯಿಂದ ಬಾಯಿ ಪೂರಾ ಮುಚ್ಚಿಕೊಂಡರು. ಹಲ್ಲು ಇಲ್ಲವೇನೋ ಅಂದುಕೊಂಡೆ.

ಹಲ್ಲು ಎಲ್ಲ ಇತ್ತು. ಆದರೆ ಮುಖ! ಬಡಕಲು ಉದ್ದ ಮುಖ, ಬೂದಿ ಬಣ್ಣದ ಕಣ್ಣು, ತುಟಿಯೇ ಇಲ್ಲವೆನ್ನುವಂಥ ಬಾಯಿ, ಅದರ ತುದಿಯಿಂದ ಗಲ್ಲದವರೆಗೆ ಬಿಳಿ ಗಾಯದ ಗೆರೆ. ಏಳನೇ ವಯಸ್ಸಿನಲ್ಲಿ ಸೈಕಲ್ಲಿಂದ ಬಿದ್ದ ಗಾಯವಂತೆ. ನೋಡಿದವರು ಚೂರಿಯದ್ದೇ ಅಂದುಕೊಳ್ಳುತ್ತಿದ್ದರು. ಗೇಟಿನ ಕಾವಲುಗಾರ ಎಲ್ಲರ ಪಾಸನ್ನು ಒಂದು ಸಲ ನೋಡಿದರೆ ಇವರದನ್ನು ಎರಡು ಸಲ ನೋಡುತ್ತಿದ್ದ. ಆ ಮುಖದ ಹಿಂದಿನ ಮನುಷ್ಯ ಮಾತ್ರ ಬಾಗಿಲು ಹಿಡಿದು ನಿಂತು ಟೀ ತರುವವರನ್ನೂ ಮೊದಲು ಒಳಗೆ ಬಿಡುವವರು, ಕ್ಯಾಂಟೀನ್ ಹಿಂದಿನ ಬೆಕ್ಕುಗಳಿಗೆ ತನ್ನ ಮೀನಿನ ಅರ್ಧ ಹಾಕುವವರು, ಶನಿವಾರ ವಾರ ಶುರುವಾದರೆ ನಮ್ಮ ಮೇಜಿನ ಮೇಲೆ ಖರ್ಜೂರದ ಪೆಟ್ಟಿಗೆ ತಂದಿಡುವವರು.

ಕೆಲಸಗಾರರಿಗೆ ಸುರಕ್ಷತೆ ಕಲಿಸುವುದು ಅವರ ಕೆಲಸ. ಹತ್ತು ಭಾಷೆಯ ಜನ, ಓದಲು ಬಾರದವರೇ ಹೆಚ್ಚು. ಹಾಗಾಗಿ ಫೋಟೊ ಪೋಸ್ಟರ್ ಮಾಡುವುದೆಂದಾಯಿತು. ಎಡಕ್ಕೆ ತಪ್ಪು ಮಾಡುವವನು, ಬಲಕ್ಕೆ ಸರಿ ಮಾಡುವವನು. ಸರಿ ಮಾಡುವವನಾಗಿ ಸ್ಟೋರಿನ ಗುಂಡು ಮುಖದ ಮಲಯಾಳಿ. ತಪ್ಪು ಮಾಡುವವನಾಗಿ ಯಾರು? ಮ್ಯಾನೇಜರ್ ಇವರ ಮುಖ ನೋಡಿದ. ಆಯಿತು. ಹೆಲ್ಮೆಟ್ ಇಲ್ಲದೆ ನಿಂತ ಇವರು, ಡೀಸೆಲ್ ಟ್ಯಾಂಕಿನ ಪಕ್ಕ ಸಿಗರೇಟು ಹಿಡಿದ ಇವರು, ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವ ಇವರು. ಸಿಗರೇಟು ಸೇದದ ಮನುಷ್ಯ! ಮುಖದ ಮೇಲೆ ಕೆಂಪು ಬಣ್ಣದ ದೊಡ್ಡ ಅಡ್ಡಗೆರೆಗಳು, ಕೆಳಗೆ ಅರಬ್ಬಿಯಲ್ಲಿ ‘ಮಾ ಝೈನ್’. ಸ್ಥಾವರದ ಪ್ರತಿ ಗೋಡೆಯ ಮೇಲೂ ಆ ಮುಖ, ಆ ಕೆಂಪು ಗೆರೆ. ಬಲೂಚಿಗಳು, ಬಂಗಾಳಿಗಳು, ನಮ್ಮ ಮಂಗಳೂರಿನವರು ಎಲ್ಲ ಸೇರಿ ಹೆಸರಿಟ್ಟುಬಿಟ್ಟರು.

“ಬೇಡ ಅಂತ ಹೇಳಬಾರದಿತ್ತಾ ಸರ್?” ಎಂದು ಕೇಳಿದೆ.

“ಮಿಸೆಸ್ ಗ್ರೇಸಿ, ಈ ಪಾತ್ರಕ್ಕೆ ನನಗಿಂತ ಅನುಭವಸ್ಥ ಒಮಾನಿನಲ್ಲಿ ಸಿಗುವುದಿಲ್ಲ” ಎಂದು ಮತ್ತೆ ಬಾಯಿ ಮುಚ್ಚಿ ನಕ್ಕರು.

ಅವರ ಕಥೆ ನನಗೆ ಗೊತ್ತಾದದ್ದು ಟೀ ಹೊತ್ತಿನಲ್ಲಿ, ಚೂರು ಚೂರಾಗಿ. ಊರೂರು ಸುತ್ತುವ ನಾಟಕ ಕಂಪನಿಯಲ್ಲಿ ಮೊದಲ ಪಾತ್ರ, ನೆರೆಯವರನ್ನು ಪೊಲೀಸರಿಗೆ ಹಿಡಿದುಕೊಡುವ ಚಾಡಿಕೋರನದು. ಚೆನ್ನಾಗಿ ಮಾಡಿದರು. ಅದೇ ತಪ್ಪಾಯಿತು. ಮುಂದೆ ಟಿವಿಯ ಪತ್ತೇದಾರಿ ಧಾರಾವಾಹಿಗಳಲ್ಲಿ ವಿಷ ಹಾಕುವ ಡಾಕ್ಟರು, ಉಯಿಲು ತಿದ್ದುವ ವಕೀಲ, ಯಜಮಾನನನ್ನು ಮೆಟ್ಟಿಲಿಂದ ದೂಡುವ ಬಟ್ಲರ್. ನಾಯಕ ಹಾರಿಸುವ ಗುಂಡು ತಿಂದು ಬೀಳುವುದು, ಮುಂದಿನ ತಿಂಗಳು ಬೇರೆ ಮೀಸೆ ಅಂಟಿಸಿಕೊಂಡು ಮತ್ತೆ ಬೀಳುವುದು. ಧಾರಾವಾಹಿ ಬಂದ ಮರುದಿನ ಬೇಕರಿಯ ಹೆಂಗಸು ಇವರ ಮುಖ ನೋಡದೆ ಬ್ರೆಡ್ಡು ಎಸೆಯುತ್ತಿದ್ದಳಂತೆ. ನಿರ್ಮಾಪಕರಿಗೆ ಇವರ ನಗು ಬೇಕು. ಒಂದೊಂದು ಚಿತ್ರದಲ್ಲೂ ಹಲ್ಲು ತೋರಿಸಿ ನಗಿಸಿದರು. ಕೊನೆಗೆ ಮನೆಯಲ್ಲಿ ನಕ್ಕರೆ ಸ್ವಂತ ಮಗಳೇ ಅಳತೊಡಗಿದಳು. ಆವತ್ತಿನಿಂದ ಬಾಯಿಗೆ ಕೈ.

ಒಂದು ಸಲ, ಒಂದೇ ಸಲ, ಒಳ್ಳೆಯ ಪಾತ್ರ ಸಿಕ್ಕಿತ್ತಂತೆ. ಹಳ್ಳಿಯ ಪಾದ್ರಿಯದು. ಅವರ ತಾಯಿ ಆಗ ಬದುಕಿದ್ದರು. ಮಗನ ಸಿನಿಮಾ ನೋಡುವುದನ್ನು ಬಿಟ್ಟೇಬಿಟ್ಟಿದ್ದ ಆ ಹೆಂಗಸು ಇದನ್ನು ನೋಡುತ್ತೇನೆ ಎಂದು ಹೊಸ ಕೋಟು ಹೊಲಿಸಿಕೊಂಡರಂತೆ. ಚಿತ್ರ ಮುಗಿಸಿ ನಾಲ್ಕು ಜನರಿಗೆ ತೋರಿಸಿದರು. ಆ ಜನ ಹೇಳಿದ್ದೇನು ಗೊತ್ತೇ? ‘ಪಾದ್ರಿ ಯಾವಾಗ ಕೊಲೆ ಮಾಡುತ್ತಾನೆ ಎಂದು ಕೊನೆವರೆಗೂ ಕಾದೆವು, ಮಾಡಲೇ ಇಲ್ಲ, ನಿರಾಸೆ ಆಯಿತು.’ ನಿರ್ಮಾಪಕ ಕೊನೆಯ ದೃಶ್ಯ ಬದಲಿಸಿದ. ಪಾದ್ರಿಯೇ ಕೊಲೆಗಾರನಾದ. ತಾಯಿ ಹೊಸ ಕೋಟು ಹಾಕಿಕೊಂಡು ಹೋಗಿ ಅದನ್ನು ನೋಡಿ ಬಂದರು.

“ಏನು ಹೇಳಿದರು?” ಎಂದು ಕೇಳಿದೆ.

“ಕೋಟು ಮಡಿಸಿ ಪೆಟ್ಟಿಗೆಯಲ್ಲಿಟ್ಟರು” ಎಂದರು. ಇಂಥದ್ದನ್ನು ಕೂಡ ಅವರು ಹವಾಮಾನ ಹೇಳುವ ಧ್ವನಿಯಲ್ಲೇ ಹೇಳುತ್ತಿದ್ದರು. ನಾನಾಗಿದ್ದರೆ ಆ ನಿರ್ಮಾಪಕನ ಕುತ್ತಿಗೆ ಹಿಡಿಯುತ್ತಿದ್ದೆ.

ಇನ್ನು ನನ್ನ ಪಾಪದ ಕಥೆ. ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ಗುಬ್ರಾದ ಶಾಲೆಯೊಂದರ ಹಾಲಿನಲ್ಲಿ ನಾಟಕ ಇರುತ್ತಿತ್ತು. ಬರೆಯುವವರು, ಆಡಿಸುವವರು ನಾಗರಾಜ ರಾಯರು. ಮೈಸೂರು ಕಡೆಯವರು, ಬ್ಯಾಂಕಿನಲ್ಲಿ ಕೆಲಸ. ಅವರ ನಾಟಕದಲ್ಲಿ ಕಂಪನಿ ಸರ್ಕಾರದ ಕಾಲದ ಒಬ್ಬ ಬಿಳಿ ದೊರೆ ಕರಾವಳಿಯ ಹಳ್ಳಿಗೆ ಬಂದು ವಿಧವೆಯೊಬ್ಬಳನ್ನು ಮನೆಯಿಂದ ಹೊರಹಾಕುತ್ತಾನೆ. ವಿಧವೆ ನಾನು. ಹಿಂದಿನ ವರ್ಷ ಇದನ್ನೇ ಆಡಿದಾಗ ದೊರೆಯಾಗಿದ್ದವನು ನನ್ನ ಗಂಡ ವಿಲ್ಲಿ. ಒಂದು ಡಬ್ಬಿ ಪೌಡರ್ ಬಳಿದಿದ್ದೆವು. ಬೆವರಿಗೆ ಪೌಡರು ಕರಗಿ ಕುತ್ತಿಗೆಗೆ ಇಳಿಯಿತು. ನಾನು ಕಾಲಿಗೆ ಬಿದ್ದು ಅಳುತ್ತಿದ್ದರೆ ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಅವಮಾನ! ಆರು ತಿಂಗಳು ನಾನು ಸಂಘದ ಕಡೆ ತಲೆ ಹಾಕಲಿಲ್ಲ.

“ಗ್ರೇಸಿಯವ್ರೇ, ನಿಮ್ಮ ಆಫೀಸಲ್ಲಿ ಒಬ್ರು ಅಸಲಿ ದೊರೆ ಇದಾರಂತಲ್ರೀ” ಎಂದರು ರಾಯರು. “ನಟ ಬೇರೆಯಂತೆ. ಕೇಳ್ಬಿಡ್ರೀ. ಒಂದೇ ಒಂದು ದೃಶ್ಯ. ಈ ಸಲ ನಿಮ್ಮ ಅಳುಗೆ ಯಾರಾದ್ರೂ ನಕ್ರೆ ನಾನು ನಾಟಕ ಬರಿಯೋದೇ ಬಿಟ್ಬಿಡ್ತೀನಿ.”

ಕೇಳಿದೆ. ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಯಾವುದಕ್ಕಾದರೂ ಇಲ್ಲ ಎನ್ನುವ ಮೊದಲು ಅವರು ಮಾಡುತ್ತಿದ್ದದ್ದು ಅದು.

“ಕೆಟ್ಟವನ ಪಾತ್ರವೇ?”

“ಇದು... ದೊರೆಯ ಪಾತ್ರ ಸರ್.”

“ದೊರೆ ಎಂದರೆ?”

“ರಾಜ” ಎಂದೆ. ಸುಳ್ಳಲ್ಲವಲ್ಲ! ನಮ್ಮಲ್ಲಿ ರಾಜನೂ ದೊರೆಯೇ, ತೊಂದರೆ ಕೊಡಲು ಬಂದ ಬಿಳಿಯನೂ ದೊರೆಯೇ. ಭಾಷೆಯೇ ಹಾಗಿದ್ದರೆ ನಾನೇನು ಮಾಡಲಿ?

“ಒಳ್ಳೆಯ ರಾಜನೇ, ಮಿಸೆಸ್ ಗ್ರೇಸಿ? ಮತ್ತೆ ಕೆಟ್ಟವನಾದರೆ ನನ್ನಿಂದ ಆಗುವುದಿಲ್ಲ. ಪೋಸ್ಟರ್ ಬೇರೆ, ರಂಗ ಬೇರೆ. ರಂಗದ ಮೇಲೆ ಇನ್ನೊಮ್ಮೆ ನಿಂತರೆ ಒಳ್ಳೆಯವನಾಗಿ ನಿಲ್ಲಬೇಕು ಎಂದುಕೊಂಡಿದ್ದೇನೆ.”

ಆ ಕಣ್ಣಿನಲ್ಲಿದ್ದ ಆಸೆ ನನಗೆ ಕಾಣಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾದೀತು. ಕಂಡಿತು. ಕಂಡೂ “ತುಂಬಾ ಒಳ್ಳೆಯ ರಾಜ” ಎಂದೆ. ನನ್ನ ಅಳುವಿಗೆ ಯಾರೂ ನಗಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಒಂದು ಸುಳ್ಳಿಗೆ ಕಾಲು ಹತ್ತು. ಕಥೆಯನ್ನೇ ತಿರುಗಿಸಿ ಹೇಳಬೇಕಾಯಿತು: ದುಷ್ಟ ಗುಮಾಸ್ತನೊಬ್ಬ ವಿಧವೆಯ ಮನೆ ಕಿತ್ತುಕೊಂಡಿದ್ದಾನೆ, ರಾಜ ತಾನೇ ಬಂದು ಅದನ್ನು ಹಿಂದಿರುಗಿಸುತ್ತಾನೆ, ಅವಳು ಸಂತೋಷದಿಂದ ಅಳುತ್ತಾಳೆ. ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡಿ, ಪಕ್ಕದಲ್ಲಿ ನನ್ನ ‘ಅರ್ಥ’ ಬರೆದುಕೊಟ್ಟೆ. ‘ತಡ ಮಾಡಿದರೆ ಬಾಗಿಲು ಮುರಿಸುತ್ತೇನೆ’ ಎಂಬಲ್ಲಿ ‘ತಡ ಮಾಡದೆ ಬಾಗಿಲು ರಿಪೇರಿ ಮಾಡಿಸುತ್ತೇನೆ’. ‘ಹೊರಡು’ ಎಂಬಲ್ಲಿ ‘ಅಳಬೇಡ’. ಉಳಿದ ಪಾತ್ರಧಾರಿಗಳಿಗೆ ಬಾಯಿ ಬಿಡಬಾರದೆಂದು ತಾಕೀತು ಮಾಡಿದೆವು. ಅವರಿಗೂ ಇದೊಂದು ತಮಾಷೆ.

ಶುಕ್ರವಾರ ರೂವಿಯ ಚರ್ಚಿನಲ್ಲಿ ಪೂಜೆ ಮುಗಿಸಿ ನಾವು ರಾಯರ ಫ್ಲಾಟಿಗೆ ಬರುವಷ್ಟರಲ್ಲಿ ಸಾಹೇಬರು ಬಂದು ಮೆಟ್ಟಿಲಲ್ಲಿ ಕೂತು ಬಾಯಿಪಾಠ ಮಾಡುತ್ತಿರುತ್ತಿದ್ದರು. ಅಂಥ ಶ್ರದ್ಧೆ ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲ. ಕೊನೆಯ ಮಾತಿನಲ್ಲಿ ಸಿಕ್ಕಿಬಿದ್ದೆ. ‘ಅಮ್ಮ, ಈ ಮನೆ ಇನ್ನು ನಿನ್ನದಲ್ಲ.’ ಇದಕ್ಕೆ ನಾನು ಬರೆದುಕೊಟ್ಟ ಅರ್ಥ, ‘ಅಮ್ಮ, ಈ ಮನೆ ಇನ್ನು ನಿನ್ನದು.’ ಆಫೀಸಿನಲ್ಲಿ ಟೀ ಕಪ್ಪುಗಳು ಅದಲುಬದಲಾಗುತ್ತಿದ್ದುದರಿಂದ ನನ್ನದು, ನಿನ್ನದು ಎಂಬೆರಡು ಮಾತನ್ನು ಅವರಿಗೆ ನಾನೇ ಕಲಿಸಿದ್ದೆ.

“ನಿನ್ನದು ನನಗೆ ಗೊತ್ತು” ಎಂದರು. “ಕೊನೆಯಲ್ಲಿ ಈ ಅಲ್ಲ ಯಾಕೆ?”

ವಿಲ್ಲಿ ಕೆಮ್ಮಿದ. ರಾಯರು ಕಿಟಕಿ ಕಡೆ ತಿರುಗಿದರು. ನನ್ನ ಬಾಯಿಯಿಂದ ಬಂದೇಬಿಟ್ಟಿತು: “ಅದು ದೇವರು ಸರ್. ಇಲ್ಲಿ ಅರಬ್ಬಿಯಲ್ಲಿ ಹೇಳುತ್ತಾರಲ್ಲ, ಅದೇ. ದೇವರಾಣೆಗೂ ನಿನ್ನದು ಅಂತ.”

ಅವರ ಮುಖ ಬೆಳಗಿತು. “ಎಷ್ಟು ಚೆಂದ!” ಎಂದು ಕಾಗದದ ಮೇಲೆ ಆ ಎರಡಕ್ಷರದ ಕೆಳಗೆ ಗೆರೆ ಎಳೆದುಕೊಂಡರು.

ಮನೆಗೆ ಹೋಗುವಾಗ ಕಾರಿನಲ್ಲಿ ವಿಲ್ಲಿ, “ಎಂತ ಮಾರಾಯ್ತಿ ನೀನು, ದೇವರನ್ನೂ ಬಿಡಲಿಲ್ಲವಾ? ಪಾಪದ ಮನುಷ್ಯ. ಹೇಳಿಬಿಡುವ ಅಲ್ವಾ?” ಎಂದ.

“ನಾಟಕ ಆಗಲಿ, ಮತ್ತೆ ಹೇಳುವ” ಎಂದೆ.

ನಾಟಕದ ದಿನ ಅವರ ಹೆಂಡತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಬರಲಾಗಲಿಲ್ಲ. ಶಾಲೆಯ ಹಾಲ್ ತುಂಬಿ ಜನ ಗೋಡೆಗೆ ಒರಗಿ ನಿಂತಿದ್ದರು. ಸಂಘದವರು ವಿಡಿಯೊ ಮಾಡಿಸುತ್ತಿದ್ದರು. ಸಾಹೇಬರು ಕೆಂಪು ಕೋಟು, ಕರಿ ಟೋಪಿ ಹಾಕಿಕೊಂಡು ಒಳಗೆ ಬಂದದ್ದೇ ಹಾಲ್ ಉಸಿರು ಬಿಡಲಿಲ್ಲ. ಬಾಗಿಲು ಮುರಿಸುವ ಮಾತನ್ನು ಎಷ್ಟು ಮೃದುವಾಗಿ ಹೇಳಿದರೆಂದರೆ ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗು ಬಾಯಿಗೊತ್ತಿಕೊಂಡಳು. ನಾನು ಕಾಲಿಗೆ ಬಿದ್ದೆ. ರಾಯರ ಪ್ರಕಾರ ಆಗ ಅವರು ಬೆತ್ತ ಎತ್ತಿ ಬಾಗಿಲು ತೋರಿಸಬೇಕು. ತೋರಿಸಲಿಲ್ಲ. ಬೆತ್ತವನ್ನು ಪಕ್ಕಕ್ಕಿಟ್ಟರು. ಟೋಪಿ ತೆಗೆದರು. ಬಗ್ಗಿ ನನ್ನ ಎರಡೂ ತೋಳು ಹಿಡಿದು ಎಬ್ಬಿಸಿದರು. ಜೇಬಿನಿಂದ ತಮ್ಮದೇ ಕರವಸ್ತ್ರ ತೆಗೆದು ನನ್ನ ಕಣ್ಣು ಒರೆಸಿದರು. ಆಮೇಲೆ ಅಂಗೈ ಮೇಲೆತ್ತಿ, ಮೇಲೆ ನೋಡುತ್ತಾ, “ಅಮ್ಮ, ಈ ಮನೆ ಇನ್ನು ನಿನ್ನದು... ಅಲ್ಲ” ಎಂದರು.

ನಾನು ಅತ್ತೆ. ಅದು ಪಾತ್ರದ ಅಳುವಲ್ಲ. ಅಷ್ಟು ಪ್ರೀತಿಯಿಂದ ನನ್ನ ಕಣ್ಣೀರು ಯಾರೂ ಒರೆಸಿರಲಿಲ್ಲ, ಅಷ್ಟು ಮೋಸ ನಾನೂ ಯಾರಿಗೂ ಮಾಡಿರಲಿಲ್ಲ. ಜನರಿಗೆ ಕಂಡದ್ದೇ ಬೇರೆ. ಬಡ ಹೆಂಗಸನ್ನು ಬೀದಿಗೆ ತಳ್ಳುತ್ತಾ ಕಣ್ಣೊರೆಸಿ ದೇವರನ್ನು ನೋಡುವ ಪಿಶಾಚಿ! ಯಾರೋ ಹಿಂದಿನಿಂದ “ಪಾಪಿ!” ಎಂದು ಕೂಗಿದರು. ಆಮೇಲೆ ಚಪ್ಪಾಳೆ. ನಿಲ್ಲುವ ಲಕ್ಷಣವೇ ಇಲ್ಲ.

ಪರದೆ ಹಾಕಿದಾಗ ಅವರು ನನ್ನ ಕಿವಿಯಲ್ಲಿ ಕೇಳಿದರು, “ಪಾಪಿ ಎಂದರೇನು?”

“ಅಪ್ಪ” ಎಂದೆ. “ಪ್ರೀತಿಯಿಂದ ಅಪ್ಪ ಅಂತ ಕರೆಯುತ್ತಿದ್ದಾರೆ.”

ನಾನು ಗಂಟು ಹಿಡಿದು ಮನೆ ಬಿಡುವ ದೃಶ್ಯ ಇನ್ನೂ ಬಾಕಿ ಇತ್ತು. ಅದು ಅವರಿಗೆ ಗೊತ್ತಿರಲಿಲ್ಲ. ಮೇಕಪ್ ತೆಗೆಯಲು ಅವರನ್ನು ದೂರದ ಕ್ಲಾಸ್‌ರೂಮಿಗೆ ಕಳಿಸಿದೆವು. ಎಲ್ಲ ಮುಗಿದು ನಾನು ಅಲ್ಲಿಗೆ ಹೋದಾಗ ಅವರು ಕುರ್ಚಿಯಲ್ಲಿ ಕೂತು, ಕೈ ಮಡಿಲಲ್ಲಿಟ್ಟುಕೊಂಡು ನಗುತ್ತಿದ್ದರು. ಬಾಯಿಗೆ ಕೈ ಇರಲಿಲ್ಲ. ನಕ್ಕರೆ ಎಷ್ಟು ಚೆಂದ ಕಾಣುತ್ತಾರೆಂದು ನನಗೆ ಗೊತ್ತಾದದ್ದೇ ಆಗ. ತಾಯಿಯ ಹೊಸ ಕೋಟಿನ ವಿಷಯ ಹೇಳಲು ಶುರು ಮಾಡಿದ್ದರು. ಅಷ್ಟರಲ್ಲಿ ಬಾಗಿಲ ಹತ್ತಿರ ಜನ ಸೇರಿದರು. ರಾಯರ ಮಗಳು, ಏಳು ವರ್ಷದವಳು, ಅಮ್ಮನ ಸೀರೆ ಹಿಡಿದುಕೊಂಡೇ ಒಳಗೆ ಬಂದಳು. ಮಕ್ಕಳಿಗೆ ಹೇಳಿಡಬೇಕೆಂದು ನಮ್ಮ ಒಬ್ಬರ ತಲೆಗೂ ಹೊಳೆದಿರಲಿಲ್ಲ. ಕನ್ನಡ ಅರ್ಥವಾಗುತ್ತದೆ, ಮಾತು ಮಾತ್ರ ಇಂಗ್ಲಿಷಿನಲ್ಲಿ, ಇಲ್ಲಿನ ನಮ್ಮ ಮಕ್ಕಳೆಲ್ಲ ಹಾಗೆಯೇ.

“ಅಂಕಲ್, ಆ ಆಂಟಿಯನ್ನು ಅವರ ಮನೆಯಿಂದ ಯಾಕೆ ಹೊರಗೆ ಹಾಕಿದಿರಿ?” ಎಂದು ಸ್ಪಷ್ಟ ಇಂಗ್ಲಿಷಿನಲ್ಲಿ ಕೇಳಿದಳು.

ಸಾಹೇಬರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರು ಕೈಯಲ್ಲಿದ್ದ ಒದ್ದೆ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

“ಯಾಕೆಂದರೆ ನಾನು ವಿಲನ್, ಮಗು” ಎಂದರು. ಎಂದು ಕತ್ತು ಹಿಂದಕ್ಕೆ ಹಾಕಿ, ಹಲ್ಲೆಲ್ಲ ತೋರಿಸಿ, ಸಿನಿಮಾದ ಆ ನಗು ನಕ್ಕರು. ಹುಡುಗಿ ಕಿರುಚಿ ಓಡಿದಳು. ಜನ ಚಪ್ಪಾಳೆ ಹೊಡೆದರು.

ಶನಿವಾರ ನನ್ನ ಮೇಜಿನ ಮೇಲೆ ಖರ್ಜೂರದ ಪೆಟ್ಟಿಗೆ ಎಂದಿನಂತೆ ಇತ್ತು. “ಸರ್, ನಾನು...” ಎಂದು ಬಾಯಿ ತೆರೆದೆ. “ಖಲಾಸ್, ಮಿಸೆಸ್ ಗ್ರೇಸಿ, ಖಲಾಸ್” ಎಂದರು. ಮುಗಿಯಿತು, ಬಿಡಿ ಅಂತ. ಮರುವಾರ ಮತ್ತೆ ಶುರು ಮಾಡಿದೆ. ಖಲಾಸ್. ಪತ್ರ ಬರೆದು ಅವರ ಫೈಲಿನಲ್ಲಿಟ್ಟೆ. ಒಡೆಯದೆ ಹಿಂದಿರುಗಿಸಿದರು. ಕ್ಷಮೆ ಕೇಳಲೂ ಬಿಡದಿದ್ದರೆ ಮನುಷ್ಯ ಎಲ್ಲಿಗೆ ಹೋಗಬೇಕು? ಬೈಯಿರಿ, ಮಾತು ಬಿಡಿ, ಬೇರೆ ಸೆಕ್ರೆಟರಿ ಕೇಳಿ! ಏನೂ ಇಲ್ಲ. ಬಾಗಿಲು ಹಿಡಿದು ನಿಲ್ಲುತ್ತಿದ್ದರು, ನನ್ನನ್ನು ಮೊದಲು ಒಳಗೆ ಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅತ್ತ ವಿಡಿಯೊ ಕ್ಯಾಸೆಟ್ ಮನೆಮನೆ ಸುತ್ತಿತು. ಅಲ್ ಅಮೇರಾತಿನ ನಮ್ಮವರ ಕಿರಾಣಿ ಅಂಗಡಿಯಲ್ಲೂ ಅದನ್ನು ಹಾಕಿ ನೋಡುತ್ತಿದ್ದರು. ಸಾಹೇಬರು ರೂವಿಯಲ್ಲಿ ತರಕಾರಿ ತೆಗೆದುಕೊಳ್ಳುವಾಗ ಯಾರಾದರೂ ಕನ್ನಡಿಗರು ಸಿಕ್ಕಿದರೆ ಅಂಗೈ ಎತ್ತಿ “ನಿನ್ನದಲ್ಲ!” ಎಂದು ಕೂಗಿ ಅವರಿಗೆ ನಮಸ್ಕಾರ ಹೇಳುವುದು. ಅವರೂ ಅಂಗೈ ಎತ್ತುತ್ತಿದ್ದರು. ಮುಂದಿನ ವರ್ಷ ರಾಯರು ಇನ್ನೂ ಕೆಟ್ಟ ದೊರೆಯ ಪಾತ್ರ ಬರೆದು ಹಿಡಿದುಕೊಂಡು ಬಂದರು. ಸಾಹೇಬರು ಕನ್ನಡಕ ತೆಗೆದು ಒರೆಸಿದರು. ರಾಯರಿಗೆ ಅರ್ಥವಾಗಲಿಲ್ಲ, ನಾನೇ ಎದ್ದು ಅವರನ್ನು ಹೊರಗೆ ಕರೆದುಕೊಂಡು ಹೋದೆ.

ತೊಂಬತ್ತರ ದಶಕದ ಮೊದಲಲ್ಲಿ ಹೆಂಡತಿಯ ಕಾಂಟ್ರಾಕ್ಟ್ ಮುಗಿದು ಅವರು ಹೊರಟರು. ಹೊರಡುವ ಮೊದಲು ಒಂದೇ ಒಂದು ವಸ್ತು ಕೇಳಿದರು. ಆ ಕ್ಯಾಸೆಟ್ಟಿನ ಒಂದು ಪ್ರತಿ. ಕೊಟ್ಟೆ. “ನಾಟಕ ಪೂರಾ ಬೇಡ, ನನ್ನ ದೃಶ್ಯದವರೆಗೆ ಸಾಕು” ಎಂದಿದ್ದರು. ಯಾಕೆಂದು ನನಗೆ ಆಗ ಹೊಳೆಯಲಿಲ್ಲ.

ಈಗ ಹೊಳೆಯಿತು. ಅವರ ಹೆಂಡತಿ ಬರೆದಿದ್ದಾರೆ: ‘ಮೊಮ್ಮಕ್ಕಳು ಬಂದಾಗಲೆಲ್ಲ ಅವರು ನಿಮ್ಮ ನಾಟಕ ಹಾಕಿ ತೋರಿಸುತ್ತಿದ್ದರು. ಉಳಿದ ಚಿತ್ರಗಳಲ್ಲಿ ಒಂದನ್ನೂ ತೋರಿಸಲಿಲ್ಲ. ವಿಧವೆಗೆ ಮನೆ ಕೊಡಿಸುವ ರಾಜ ಅಜ್ಜ ಎಂದು ಮಕ್ಕಳಿಗೆ ಅದು ಬಾಯಿಪಾಠ. ಪ್ರತಿ ಮಾತಿನ ಅರ್ಥವನ್ನೂ ನೀವೇ ಕಲಿಸಿದಿರಿ ಎಂದು ಹೇಳುತ್ತಿದ್ದರು. ಅವರ ನೆನಪಿನ ಸಭೆಯಲ್ಲಿ ದೊಡ್ಡ ಮೊಮ್ಮಗಳು ಆ ಕೊನೆಯ ಮಾತನ್ನು ನಿಮ್ಮ ಭಾಷೆಯಲ್ಲೇ ಹೇಳಿ, ಅರ್ಥ ಓದಬೇಕೆಂದಿದ್ದಾಳೆ. ದಯವಿಟ್ಟು ಸರಿಯಾಗಿ ಬರೆದು ಕಳಿಸಿ.’

ಸರಿಯಾಗಿ ಅಂತೆ! ಇಷ್ಟು ವರ್ಷ ಒಂದು ಮಾತು ಬೈಯದೆ ಇದ್ದು, ಹೋಗುವಾಗ ನನ್ನನ್ನು ಹೀಗೆ ಸಿಕ್ಕಿಸಿಹಾಕಿದರಲ್ಲ ಈ ಮನುಷ್ಯ. ನನ್ನ ಸುಳ್ಳನ್ನು ಬಿಸಾಡದೆ, ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋಗಿ ಅದರಲ್ಲೇ ಮನೆ ಮಾಡಿಕೊಂಡಿದ್ದರು.

“ನಿಜ ಬರೆದರೆ ಆ ಮಕ್ಕಳ ಅಜ್ಜ ಮತ್ತೆ ವಿಲನ್ ಆಗ್ತಾರೆ” ಎಂದ ವಿಲ್ಲಿ. “ಸುಳ್ಳು ಬರೆದರೆ ನೀನು ಇನ್ನೊಂದು ಸಲ ಸುಳ್ಳಿ. ನಿಂಗೆ ಯಾವುದು ಬೇಕು ನೋಡು ಮಾರಾಯ್ತಿ.”

ಇವತ್ತು ಬೆಳಿಗ್ಗೆ ಆಫೀಸಿಗೆ ಬೇಗ ಬಂದು ಕಾಗದ ತೆಗೆದುಕೊಂಡೆ. ಮೇಲೆ ಕನ್ನಡ ಅಕ್ಷರದಲ್ಲಿ, ಅವರು ಹೇಳಿದ ಹಾಗೆಯೇ, ಒಂದಕ್ಷರ ಬಿಡದೆ ಬರೆದೆ: ‘ಅಮ್ಮ, ಈ ಮನೆ ಇನ್ನು ನಿನ್ನದಲ್ಲ.’ ಮೊಮ್ಮಗಳಿಗೆ ಓದಲು ಬರಲೆಂದು ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡಿದೆ. ಅದರ ಕೆಳಗೆ ಅರ್ಥ: ‘ಅಮ್ಮ, ದೇವರಾಣೆಗೂ ಈ ಮನೆ ಇನ್ನು ನಿನ್ನದು.’ ಕೊನೆಗೆ ‘ಇದು ಸರಿಯಾದ ಅನುವಾದ’ ಎಂದು ಬರೆದು, ನನ್ನ ಪೂರ್ತಿ ಹೆಸರು ಹಾಕಿ ಸಹಿ ಮಾಡಿದೆ.